ಉತ್ತರಕೃತಿಯ ಮೂಲನಿಷ್ಠೆ

ಉತ್ತರಕೃತಿಯ ಮೂಲನಿಷ್ಠೆ ಎಂದರೆ, ಜನಮನ್ನಣೆ ಪಡೆದ ಒಂದು ಕೃತಿಯನ್ನು ಮುಂದುವರಿಸಿ ರಚಿಸಿದ ಮತ್ತೊಂದು ಕೃತಿಯು ಮೊದಲಿನದರ ಕಥೆ, ರೂಪ ಮತ್ತು ಭಾವಗಳಿಗೆ ಎಷ್ಟರಮಟ್ಟಿಗೆ ಬದ್ಧವಾಗಿದೆ ಎಂಬ ವಿಚಾರ. ಇಂದು ಈ ಪ್ರಶ್ನೆ ಹೆಚ್ಚಾಗಿ ಕೇಳಿಬರುವುದು ವಿಡಿಯೊ ಗೇಮ್‌ಗಳ ಕ್ಷೇತ್ರದಲ್ಲಿ. ಮೆಚ್ಚಿನ ಆಟವೊಂದರ ಮುಂದಿನ ಭಾಗ ಪ್ರಕಟವಾಗಲಿದೆ ಎಂದ ಕೂಡಲೆ, ಅದು ಹಿಂದಿನ ಆಟಗಳ ಸ್ವರೂಪವನ್ನು ಉಳಿಸಿಕೊಳ್ಳುವುದೇ ಎಂಬ ಆತಂಕ ಅಭಿಮಾನಿಗಳಲ್ಲಿ ಮೂಡುತ್ತದೆ. ಮಾಧ್ಯಮ ಹೊಸದಾದರೂ ಪ್ರಶ್ನೆ ಹಳೆಯದು. ಗದಗಿನ ಕುಮಾರವ್ಯಾಸನ ಭಾರತ ಮತ್ತು ಅದನ್ನು ಮುಂದುವರಿಸಿದ ತಿಮ್ಮಣ್ಣಕವಿಯ ಕೃಷ್ಣರಾಯ ಭಾರತ ಇದಕ್ಕೆ ಕನ್ನಡದ ಪ್ರಮುಖ ನಿದರ್ಶನಗಳು.

ಹಿನ್ನೆಲೆ

ಒಬ್ಬರು ಆರಂಭಿಸಿದ ಕೃತಿಯನ್ನು ಇನ್ನೊಬ್ಬರು ಮುಂದುವರಿಸುವ ಪದ್ಧತಿ ಭಾರತೀಯ ಸಾಹಿತ್ಯದಲ್ಲಿ ಪ್ರಾಚೀನವಾದುದು. 7ನೆಯ ಶತಮಾನದ ಬಾಣಭಟ್ಟನ ಸಂಸ್ಕೃತ 'ಕಾದಂಬರಿ'ಯು ಅವನ ಮರಣದಿಂದ ಅಪೂರ್ಣವಾಗಿ ಉಳಿದಾಗ, ಅವನ ಮಗನು ಉತ್ತರಭಾಗವನ್ನು ರಚಿಸಿ ಕಥೆಯನ್ನು ಮುಗಿಸಿದನು. ಒಂದನೆಯ ನಾಗವರ್ಮನು 'ಕರ್ಣಾಟಕ ಕಾದಂಬರಿ'ಯಲ್ಲಿ ಪೂರ್ವಭಾಗ, ಉತ್ತರಭಾಗಗಳೆರಡನ್ನೂ ಕನ್ನಡಕ್ಕೆ ತಂದನು. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ಮುಗಿಸಲಾಗದೆ ಬಿಟ್ಟ ಸಂಸ್ಕೃತ ಆದಿಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಪೂರ್ಣಗೊಳಿಸಿ, ಮುಂದಿನ ಕಥೆಯನ್ನು ಉತ್ತರಪುರಾಣವೆಂಬ ಹೆಸರಿನಲ್ಲಿ ರಚಿಸಿದರು.

ಈ ಎರಡೂ ಸಂದರ್ಭಗಳಲ್ಲಿ ಕೃತಿಯನ್ನು ಮುಂದುವರಿಸಿದವರು ಮಗ ಅಥವಾ ಶಿಷ್ಯ. ಮುಂದುವರಿಸುವ ಅಧಿಕಾರವು ಅವರಿಗೆ ರಕ್ತಸಂಬಂಧದಿಂದ ಅಥವಾ ಗುರುಪರಂಪರೆಯಿಂದ ಬಂದಿತ್ತು. ಅಂತಹ ಸಂಬಂಧವಿಲ್ಲದವರು ಮುಂದುವರಿಸಿದಾಗ ಮೂಲನಿಷ್ಠೆಯ ಪ್ರಶ್ನೆ ತೀವ್ರವಾಗುತ್ತದೆ.

ಗದಗಿನ ಭಾರತ ಮತ್ತು ಅದರ ಮುಂದುವರಿಕೆ

ಕುಮಾರವ್ಯಾಸನೆಂದು ಪ್ರಸಿದ್ಧನಾದ ನಾರಣಪ್ಪನ ಊರು ಇಂದಿನ ಧಾರವಾಡ ಜಿಲ್ಲೆಯ ಕೋಳಿವಾಡ. 15ನೆಯ ಶತಮಾನದಲ್ಲಿ ಅವನು ರಚಿಸಿದ 'ಕರ್ಣಾಟ ಭಾರತ ಕಥಾಮಂಜರಿ'ಯನ್ನು ಗದಗಿನ ವೀರನಾರಾಯಣ ದೇವಾಲಯದಲ್ಲಿ ಕುಳಿತು ಬರೆದನೆಂಬ ಐತಿಹ್ಯವಿದೆ. ಭಾಮಿನಿ ಷಟ್ಪದಿಯಲ್ಲಿರುವ ಈ ಕಾವ್ಯವು ಆದಿಪರ್ವದಿಂದ ಗದಾಪರ್ವದವರೆಗಿನ ಹತ್ತು ಪರ್ವಗಳಿಗೆ ನಿಲ್ಲುತ್ತದೆ.

ಸುಮಾರು ಒಂದು ಶತಮಾನದ ಅನಂತರ, ವಿಜಯನಗರದ ಕೃಷ್ಣದೇವರಾಯನ (ಆಳ್ವಿಕೆ 1509–1529) ಆಶ್ರಯದಲ್ಲಿದ್ದ ತಿಮ್ಮಣ್ಣಕವಿಯು ಉಳಿದ ಪರ್ವಗಳ ಕಥೆಯನ್ನು ಕನ್ನಡಿಸಿದನು. ಕೃತಿಗೆ ಅರಸನ ಹೆಸರು ಬಂದು 'ಕೃಷ್ಣರಾಯ ಭಾರತ'ವೆನಿಸಿತು. ತಿಮ್ಮಣ್ಣನು ಛಂದಸ್ಸನ್ನು ಬದಲಿಸಲಿಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೇ ಉಳಿಸಿಕೊಂಡನು. ಕಥೆಯನ್ನು ನಿಂತಲ್ಲಿಂದ ಎತ್ತಿಕೊಂಡನು. ಕಥೆ ಮತ್ತು ರೂಪ ಎರಡರಲ್ಲಿಯೂ ಅವನು ಮೂಲಕ್ಕೆ ನಿಷ್ಠನಾಗಿದ್ದನು. ಆದರೂ ಗಮಕ ವಾಚನದಲ್ಲಿಯೂ ಸಾಮಾನ್ಯ ಓದುಗರಲ್ಲಿಯೂ ಕುಮಾರವ್ಯಾಸನಿಗೆ ದೊರೆತ ಸ್ಥಾನ ಅವನಿಗೆ ದೊರೆಯಲಿಲ್ಲ.

ಇದಕ್ಕೆ ವ್ಯತಿರಿಕ್ತವಾದುದು ದೇವನೂರಿನ ಲಕ್ಷ್ಮೀಶನ 'ಜೈಮಿನಿ ಭಾರತ'. ಇದು ಕುಮಾರವ್ಯಾಸನ ಕಾವ್ಯದ ಮುಂದುವರಿಕೆಯೆಂದು ರಚಿತವಾದುದಲ್ಲ. ಆದರೆ ಇದರ ವಸ್ತುವೂ ಯುದ್ಧಾನಂತರ ಧರ್ಮರಾಯನು ನಡೆಸಿದ ಅಶ್ವಮೇಧ. ಲಕ್ಷ್ಮೀಶನು ವ್ಯಾಸಭಾರತವನ್ನು ಬಿಟ್ಟು ಜೈಮಿನಿಯ ಕಥೆಯನ್ನು ಆರಿಸಿಕೊಂಡನು. ಭಾಮಿನಿಯನ್ನು ಬಿಟ್ಟು ವಾರ್ಧಕ ಷಟ್ಪದಿಯನ್ನು ಹಿಡಿದನು. ಚಂದ್ರಹಾಸ, ಸುಧನ್ವ, ಬಭ್ರುವಾಹನರ ಕಥೆಗಳ ಮೂಲಕ ಆ ಕಾವ್ಯವು ಮನೆಮಾತಾಗಿ, ಯಕ್ಷಗಾನ ಪ್ರಸಂಗಗಳಿಗೂ ಪರಿಚಿತವಾಯಿತು. ಹಳೆಯ ಅಚ್ಚನ್ನು ಉಳಿಸಿಕೊಂಡ ಮಾತ್ರಕ್ಕೆ ಕೃತಿಯು ಜನರ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಅಚ್ಚನ್ನು ಮುರಿದ ಮಾತ್ರಕ್ಕೆ ತಿರಸ್ಕೃತವಾಗುವುದೂ ಇಲ್ಲ ಎಂಬುದನ್ನು ಈ ಎರಡು ಕಾವ್ಯಗಳ ಇತಿಹಾಸ ಸೂಚಿಸುತ್ತದೆ.

ವಿಡಿಯೊ ಗೇಮ್‌ಗಳಲ್ಲಿ

ವಿಡಿಯೊ ಗೇಮ್‌ಗಳಲ್ಲಿ ಉತ್ತರಭಾಗವನ್ನು ರಚಿಸುವ ಅಧಿಕಾರವು ಸಾಮಾನ್ಯವಾಗಿ ಹಕ್ಕುಸ್ವಾಮ್ಯದಿಂದ ಬರುತ್ತದೆ. ಹಕ್ಕು ಕೈಬದಲಾದರೆ ಮೂಲ ಆಟವನ್ನು ರೂಪಿಸಿದವರಿಗೆ ಸಂಬಂಧವೇ ಇಲ್ಲದ ಸಂಸ್ಥೆಯೊಂದು ಅದನ್ನು ಮುಂದುವರಿಸಬಹುದು. 'ಫಾಲ್‌ಔಟ್' ಸರಣಿ ಇದಕ್ಕೆ ಉದಾಹರಣೆ. ಅಣುಯುದ್ಧದ ಅನಂತರದ ಅಮೆರಿಕವನ್ನು ಚಿತ್ರಿಸುವ ಈ ಸರಣಿಯ ಮೊದಲೆರಡು ಆಟಗಳು 1997 ಮತ್ತು 1998ರಲ್ಲಿ ಬಂದವು. ಅವುಗಳಲ್ಲಿ ಆಟಗಾರನು ದೃಶ್ಯವನ್ನು ಮೇಲಿನಿಂದ ಓರೆಯಾಗಿ ನೋಡುತ್ತಿದ್ದನು. ಕಾಳಗವು ಚದುರಂಗದಂತೆ ಸರದಿಯ ಮೇಲೆ ನಡೆಯುತ್ತಿತ್ತು.

ಮುಂದೆ ಬೆಥೆಸ್ಡಾ ಸಂಸ್ಥೆಯು ಸರಣಿಯ ಹಕ್ಕನ್ನು ಪಡೆದು 2008ರಲ್ಲಿ 'ಫಾಲ್‌ಔಟ್ 3' ಪ್ರಕಟಿಸಿತು. ಇದರಲ್ಲಿ ಆಟಗಾರನು ಜಗತ್ತನ್ನು ಪಾತ್ರದ ಕಣ್ಣಿನಿಂದಲೇ ನೋಡಬಹುದಾಗಿತ್ತು, ಕಾಳಗವು ಸರದಿಯನ್ನು ಬಿಟ್ಟು ನೇರವಾಗಿ ನಡೆಯುತ್ತಿತ್ತು, ಕಥೆ ಅಮೆರಿಕದ ಪಶ್ಚಿಮ ಭಾಗದಿಂದ ವಾಷಿಂಗ್ಟನ್ ಸುತ್ತಮುತ್ತಲಿಗೆ ಬಂದಿತ್ತು. ಹೆಸರೊಂದನ್ನು ಉಳಿಸಿಕೊಂಡು ಅದೇ ಸಂಸ್ಥೆಯ 'ಆಬ್ಲಿವಿಯನ್' (2006) ಆಟಕ್ಕೆ ಬಂದೂಕು ಸೇರಿಸಿದ್ದಾರೆ ಎಂಬುದು ಹಳೆಯ ಅಭಿಮಾನಿಗಳ ಆಕ್ಷೇಪವಾಗಿತ್ತು. ಹಾಗಿದ್ದರೂ ಆಟವು ವಿಮರ್ಶಕರ ಪ್ರಶಂಸೆಯನ್ನೂ ಹೊಸ ಆಟಗಾರರ ದೊಡ್ಡ ಬಳಗವನ್ನೂ ಗಳಿಸಿತು. 2010ರಲ್ಲಿ ಬಂದ 'ಫಾಲ್‌ಔಟ್: ನ್ಯೂ ವೇಗಸ್' ರೂಪದಲ್ಲಿ 'ಫಾಲ್‌ಔಟ್ 3'ನ್ನೇ ಹೋಲುತ್ತಿತ್ತು. ಅದನ್ನು ರೂಪಿಸಿದ ಅಬ್ಸಿಡಿಯನ್ ಸಂಸ್ಥೆಯಲ್ಲಿ ಹಿಂದಿನ ಆಟಗಳಲ್ಲಿ ದುಡಿದವರು ಇದ್ದರು. ಹಳೆಯ ಅಭಿಮಾನಿಗಳಲ್ಲಿ ಅನೇಕರು ಇದನ್ನು ಮೂಲಕ್ಕೆ ಹತ್ತಿರವಾದುದೆಂದು ಒಪ್ಪಿಕೊಂಡರು. ಅವರು ಕಳೆದುಕೊಂಡೆವೆಂದು ಕೊರಗಿದ್ದು ದೃಷ್ಟಿಕೋನವನ್ನಷ್ಟೇ ಅಲ್ಲ, ಕಥನದ ಗುಣವನ್ನೂ ಆಟಗಾರನ ಆಯ್ಕೆಗಳಿಗಿದ್ದ ಬೆಲೆಯನ್ನೂ ಎಂಬುದು ಇದರಿಂದ ತಿಳಿಯುತ್ತದೆ.

ನಿಷ್ಠೆಯ ಬಗೆಗಳು

ಅಭಿಮಾನಿಗಳ ಆಕ್ಷೇಪಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಕಥಾನಿಷ್ಠೆ: ಹಿಂದಿನ ಘಟನೆಗಳಿಗೂ ಪಾತ್ರಗಳಿಗೂ ವಿರೋಧ ಬಾರದಂತೆ ಕಥೆ ಸಾಗಬೇಕೆಂಬ ಅಪೇಕ್ಷೆ. 2012ರ 'ಮಾಸ್ ಎಫೆಕ್ಟ್ 3' ಆಟದ ಮುಕ್ತಾಯವು, ಮೂರು ಭಾಗಗಳ ಉದ್ದಕ್ಕೂ ತಾವು ಕೈಗೊಂಡ ನಿರ್ಧಾರಗಳಿಗೆ ತಕ್ಕ ಫಲ ನೀಡಲಿಲ್ಲವೆಂದು ಆಟಗಾರರು ಪ್ರತಿಭಟಿಸಿದರು. ನಿರ್ಮಾಪಕರು ಅದೇ ವರ್ಷ ವಿಸ್ತರಿಸಿದ ಮುಕ್ತಾಯವನ್ನು ಉಚಿತವಾಗಿ ನೀಡಿದರು.

ರೂಪನಿಷ್ಠೆ: ಆಟದ ನಿಯಮ, ನಡೆ ಮತ್ತು ದೃಷ್ಟಿಕೋನಗಳು ಬದಲಾಗಬಾರದೆಂಬ ಅಪೇಕ್ಷೆ. ಕಾವ್ಯದಲ್ಲಿ ಛಂದಸ್ಸಿಗಿರುವ ಸ್ಥಾನ ಆಟದಲ್ಲಿ ಇವುಗಳಿಗಿದೆ.

ಭಾವನಿಷ್ಠೆ: ಮೂಲಕೃತಿಯು ಉಂಟುಮಾಡಿದ ಅನುಭವ ಮರಳಿ ದೊರೆಯಬೇಕೆಂಬ ಅಪೇಕ್ಷೆ. 2008ರಲ್ಲಿ 'ಡಯಾಬ್ಲೊ 3' ಆಟದ ದೃಶ್ಯಗಳು ಪ್ರದರ್ಶಿತವಾದಾಗ, ಹಿಂದಿನ ಭಾಗಗಳ ಕತ್ತಲೆ ಮತ್ತು ಭೀತಿ ಮಾಯವಾಗಿ ಬಣ್ಣ ಹೆಚ್ಚಾಗಿದೆಯೆಂದು ಅಭಿಮಾನಿಗಳು ಮನವಿಯನ್ನೇ ಸಲ್ಲಿಸಿದರು.

ಆತಂಕವು ಮುಂದೆ ಹುಸಿಯಾದುದೂ ಉಂಟು. 'ದಿ ಲೆಜೆಂಡ್ ಆಫ್ ಜೆಲ್ಡಾ' ಸರಣಿಯ 'ದಿ ವಿಂಡ್ ವೇಕರ್' (2002) ವ್ಯಂಗ್ಯಚಿತ್ರದಂತಹ ಚಿತ್ರಶೈಲಿಗಾಗಿ ಬಿಡುಗಡೆಗೆ ಮೊದಲೇ ಟೀಕೆಗೆ ಒಳಗಾಗಿತ್ತು; ಕಾಲಾನಂತರದಲ್ಲಿ ಅದೇ ಶೈಲಿ ಮೆಚ್ಚುಗೆ ಪಡೆಯಿತು.

ಮೂಲಕೃತಿಯ ಉಳಿವು

ಕಾವ್ಯಕ್ಕೂ ಇಂದಿನ ಕೆಲವು ವಿಡಿಯೊ ಗೇಮ್‌ಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ತಿಮ್ಮಣ್ಣನು ಬರೆದುದರಿಂದ ಕುಮಾರವ್ಯಾಸನ ಒಂದು ಪದ್ಯವೂ ಅಳಿಯಲಿಲ್ಲ. ಉತ್ತರಭಾಗ ರುಚಿಸದವರು ಗದಾಪರ್ವಕ್ಕೆ ಪುಸ್ತಕವನ್ನು ಮುಚ್ಚಿಡಬಹುದಾಗಿತ್ತು. ಆದರೆ ಕೇವಲ ಅಂತರಜಾಲದ ಮೂಲಕ, ಸಂಸ್ಥೆಯ ಸರ್ವರ್‌ಗಳನ್ನು ಅವಲಂಬಿಸಿ ಆಡುವ ಆಟಗಳಲ್ಲಿ ಈ ಸ್ವಾತಂತ್ರ್ಯವಿರುವುದಿಲ್ಲ. 2016ರಲ್ಲಿ ಬಂದ 'ಓವರ್‌ವಾಚ್' ಆಟದ ಸರ್ವರ್‌ಗಳನ್ನು 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿ, ಅದರ ಸ್ಥಾನದಲ್ಲಿ 'ಓವರ್‌ವಾಚ್ 2' ತರಲಾಯಿತು. ತಂಡಕ್ಕೆ ಆರು ಮಂದಿಯಿದ್ದ ಆಟ ಐದು ಮಂದಿಯದಾಯಿತು. ಹಣ ಕೊಟ್ಟು ಕೊಂಡಿದ್ದ ಹಳೆಯ ಆಟಕ್ಕೆ ಮರಳುವ ದಾರಿ ಆಟಗಾರರಿಗೆ ಉಳಿಯಲಿಲ್ಲ.

ಇಂತಹ ಸಂದರ್ಭಗಳಲ್ಲಿ ಮೂಲನಿಷ್ಠೆಯ ಬೇಡಿಕೆಯು ಕೇವಲ ಅಭಿರುಚಿಯ ಪ್ರಶ್ನೆಯಾಗಿರದೆ, ಮೂಲಕೃತಿಯ ಉಳಿವಿನ ಪ್ರಶ್ನೆಯೂ ಆಗುತ್ತದೆ. ಮೂಲವು ಕೈಗೆ ಸಿಗುವಂತಿದ್ದರೆ ಉತ್ತರಕೃತಿಯ ಗುಣದೋಷಗಳನ್ನು ಅದರೊಂದಿಗೆ ಹೋಲಿಸಿ ನಿರ್ಣಯಿಸುವ ಅವಕಾಶ ಮುಂದಿನ ತಲೆಮಾರಿಗೂ ಇರುತ್ತದೆ. ಮೂಲವೇ ಅಳಿದರೆ, ಏನು ಬದಲಾಯಿತು ಎಂಬುದಕ್ಕೆ ಆಡಿದವರ ನೆನಪು ಮತ್ತು ಚದುರಿದ ದಾಖಲೆಗಳಷ್ಟೇ ಸಾಕ್ಷಿಯಾಗಿ ಉಳಿಯುತ್ತವೆ.