ಪಾಯಕ್ಕೂ ಮೊದಲು ಮಣ್ಣಿನ ಮಾತು ಕೇಳಿ

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಮುಗಿದ ವಾರ. ನವಿ ಮುಂಬೈನ ಸೈಟಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿ ಕೂತಿದ್ದೆ. ಊರಿನಿಂದ ತಮ್ಮನ ಫೋನು ಬಂತು.

‘ಅಣ್ಣಾ, ಅಕ್ಷಯ ತದಿಗಿ ದಿನ ಪಾಯದ ಪೂಜಾ ಇಟ್ಟೇವಿ. ಎರಡು ದಿನ ಮೊದಲ ಬಂದ್ಬಿಡು. ಜೆಸಿಬಿಯವಗೂ ಹೇಳೀನಿ.’

‘ಮಣ್ಣು ಪರೀಕ್ಷಾ ಮಾಡ್ಸೀಯೇನು?’ ಎಂದೆ.

ಆ ಕಡೆಯಿಂದ ನಗು. ‘ನೀ ಅಲ್ಲಿ ಮೂವತ್ತು ಅಂತಸ್ತಿನ ಬಿಲ್ಡಿಂಗಿಗೆ ಮಾಡೂದನ್ನ ಇಲ್ಲಿ ನಾಕು ಖೋಲಿ ಮನಿಗೆ ಮಾಡು ಅಂತೀಯೇನು? ಇದೇ ಮಣ್ಣಾಗ ಹುಟ್ಟಿ ಬೆಳದೀವಿ. ಇದರ ಪರೀಕ್ಷಾ ಏನಿರ್ತದ?’

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಹದಿನಾರು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸವೇ ಅದು. ಕಟ್ಟಡ ಏಳುವ ಮೊದಲು ನೆಲ ಕೊರೆದು, ಒಳಗೆ ಏನಿದೆ, ಅದು ಎಷ್ಟು ಭಾರ ಹೊರುತ್ತದೆ ಎಂದು ವರದಿ ಕೊಡುವುದು. ಪರರ ಕಟ್ಟಡಗಳಿಗೆ ಕೊಟ್ಟ ಸಲಹೆ ಸ್ವಂತ ಮನೆಯಲ್ಲಿ ನಡೆಯುವುದಿಲ್ಲ ಎಂದರೆ ಹೇಗೆ? ಆ ಮನೆಗೆ ಹೋಗುತ್ತಿದ್ದದ್ದು ನಮ್ಮಿಬ್ಬರ ಇಷ್ಟೂ ವರ್ಷದ ಉಳಿತಾಯ. ವಾಸ್ತುವಿನವರು ಎರಡು ಸಲ ಬಂದು ಹೋಗಿದ್ದರು. ಮುಂಬಾಗಿಲಿಗೆ ಸಾಗವಾನಿ ಕಟ್ಟಿಗೆಗೆ ಮುಂಗಡವೂ ಕೊಟ್ಟಾಗಿತ್ತು. ಮಣ್ಣನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಸುತ್ತಿಗೆ ಹೇಳುವ ಲೆಕ್ಕ

ನಮ್ಮ ಕೆಲಸ ನೋಡಲು ಅಂಥ ಚೆಂದವೇನಲ್ಲ. ಮೂರು ಕಾಲಿನ ಕಬ್ಬಿಣದ ಚೌಕಟ್ಟು, ಒಂದು ಡೀಸೆಲ್ ಎಂಜಿನ್, ಸುತ್ತ ಕೆಸರು. ಕೊರೆದ ರಂಧ್ರದ ತಳಕ್ಕೆ ಕೊಳವೆಯಂಥ ಒಂದು ಸಾಧನ ಇಳಿಸುತ್ತೇವೆ. ಮೇಲಿನಿಂದ 63.5 ಕೆ.ಜಿ. ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತೇವೆ. ಸಾಧನ 15 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಮೂರು ಸಲ ಎಣಿಸುತ್ತೇವೆ. ಮೊದಲ 15 ಸೆಂ.ಮೀ.ನ ಲೆಕ್ಕ ಬಿಟ್ಟು, ಉಳಿದ 30 ಸೆಂ.ಮೀ.ನ ಪೆಟ್ಟುಗಳನ್ನು ಕೂಡಿಸಿದರೆ ಬರುವ ಸಂಖ್ಯೆಯೇ ‘ಎನ್’. ದೇಶದ ಯಾವ ಮಣ್ಣಿನ ವರದಿ ತೆರೆದರೂ ಈ ‘ಎನ್’ ಕಾಣುತ್ತದೆ. ಸಾಧನದೊಳಗೆ ಸಿಕ್ಕ ಮಣ್ಣು ಪ್ರಯೋಗಾಲಯಕ್ಕೆ ಹೋಗುತ್ತದೆ.

ನವಿ ಮುಂಬೈನ ಖಾರಿಯ ದಂಡೆಯಲ್ಲಿ ಸಮುದ್ರದ ಜೇಡಿ ಇದೆ. ಬೂದು ಬಣ್ಣ, ಬೆಣ್ಣೆಯಂಥ ಮೆದು. ಎಷ್ಟೋ ಕಡೆ ಅಲ್ಲಿ ಸುತ್ತಿಗೆಯನ್ನು ಎತ್ತುವುದೇ ಬೇಡ, ಸರಳುಗಳು ತಮ್ಮ ಭಾರಕ್ಕೇ ಒಳಗೆ ಜಾರುತ್ತವೆ. ಆಗ ವರದಿಯಲ್ಲಿ ‘ಎನ್’ ಸೊನ್ನೆ. ಆದರೆ ಅದೇ ಜಾಗದ ಮೇಲೆ ಗರಸು ಸುರಿದು ಭರ್ತಿ ಮಾಡಿರುತ್ತಾರೆ. ಮೇಲೆ ನಿಂತವರಿಗೆ ನೆಲ ಗಟ್ಟಿ, ಲಾರಿ ಕೂಡ ಓಡಾಡುತ್ತದೆ. ಒಳಗಿನ ಜೇಡಿಯೋ ಭಾರ ಬಿದ್ದಂತೆ ನೀರು ಬಿಟ್ಟುಕೊಡುತ್ತ ವರ್ಷಗಟ್ಟಲೆ ನಿಧಾನಕ್ಕೆ ಕುಸಿಯುತ್ತಿರುತ್ತದೆ. ಕಣ್ಣಿಗೆ ಗಟ್ಟಿ ಕಂಡದ್ದು ಗಟ್ಟಿಯಲ್ಲ ಎಂಬುದು ಈ ಊರು ನನಗೆ ಕಲಿಸಿದ ಮೊದಲ ಪಾಠ.

ನೋಡದೆ ಹಾಕಿದ ಸಹಿ

ಎರಡನೇ ಪಾಠ ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಜುಲೈ ತಿಂಗಳ ಜಡಿಮಳೆ. ಕೊರೆಯುವಾಗ ಸೈಟಿನಲ್ಲಿ ನಿಲ್ಲಬೇಕಾದವನು ನಾನು, ಕಚೇರಿಯಲ್ಲೇ ಉಳಿದೆ. ಸಂಜೆ ಕೊರೆಯುವ ತಂಡದವರು ಚೀಟಿ ತಂದು ಕೊಟ್ಟರು. 9 ಮೀಟರ್ ಆಳದಲ್ಲಿ ಕಲ್ಲು ಸಿಕ್ಕಿತು, ಅದರೊಳಗೆ ಒಂದು ಮೀಟರ್ ಕೊರೆದು ನಿಲ್ಲಿಸಿದ್ದೇವೆ ಎಂದಿತ್ತು. ಸಹಿ ಹಾಕಿದೆ.

ಮರುದಿನ ನಮ್ಮ ಹಿರಿಯ ಎಂಜಿನಿಯರ್ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟ ಕಲ್ಲಿನ ತುಂಡುಗಳನ್ನು ನೋಡಿದರು. ‘ಇದು ಬಂಡೆ ಅಂತ ಹೇಗೆ ಹೇಳುತ್ತೀರಿ? ಇನ್ನೂ ನಾಲ್ಕು ಮೀಟರ್ ಹೋಗಿ ನೋಡಿದಿರಾ?’ ಎಂದರು. ನನ್ನ ಬಳಿ ಉತ್ತರ ಇರಲಿಲ್ಲ. ಮತ್ತೆ ಕೊರೆಸಿದರು, ಈ ಸಲ ನಾನು ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. 9 ಮೀಟರ್‌ನಲ್ಲಿ ಇದ್ದದ್ದು ಬಂಡೆಯಲ್ಲ, ಒಂದು ದೊಡ್ಡ ಗುಂಡುಕಲ್ಲು. ಅದರ ಕೆಳಗೆ ಮತ್ತೆ ಮಣ್ಣು. ನಿಜವಾದ ಬಂಡೆ ಸಿಕ್ಕದ್ದು 13 ಮೀಟರ್‌ಗೆ. ಅಂದು ಆ ವರದಿ ಹಾಗೇ ಹೋಗಿದ್ದರೆ, ಒಂದು ಕಟ್ಟಡದ ಕಂಬಗಳಲ್ಲಿ ಕೆಲವು ಬಂಡೆಯ ಮೇಲೆ, ಕೆಲವು ಆ ಗುಂಡುಕಲ್ಲಿನ ಮೇಲೆ ನಿಲ್ಲುತ್ತಿದ್ದವು. ಅಲ್ಲಿ ಮನೆ ಕೊಂಡವರಿಗೆ ನನ್ನ ಹೆಸರೂ ಗೊತ್ತಿರುವುದಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಿಲ್ಲ.

ಅಪ್ಪ ತುಂಬುತ್ತಿದ್ದ ಬಿರುಕು

ತಮ್ಮನ ನಗು ಕೇಳಿದಾಗ ನೆನಪಾದದ್ದು ನಮ್ಮ ಹಳೆ ಮನೆಯ ಪಡಸಾಲೆ. ವಿಜಯಪುರ ಜಿಲ್ಲೆಯ ನಮ್ಮ ಊರಿನದು ಎರೆ ಮಣ್ಣು. ಕಿಟಕಿಯ ಮೂಲೆಯಿಂದ ಮೆಟ್ಟಿಲಿನಂತೆ ಏರಿದ ಒಂದು ಬಿರುಕು ನನಗೆ ತಿಳಿವಳಿಕೆ ಬಂದಾಗಿನಿಂದ ಅಲ್ಲಿತ್ತು. ಬೇಸಿಗೆಯಲ್ಲಿ ಅದರಲ್ಲಿ ನಾಕಾಣೆ ನಾಣ್ಯ ತೂರಿಸಿ ಆಡುತ್ತಿದ್ದೆವು. ಮಳೆಗಾಲದಲ್ಲಿ ಅದು ತಾನೇ ಮುಚ್ಚಿಕೊಳ್ಳುತ್ತಿತ್ತು, ಆದರೆ ಆಗ ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಅಪ್ಪ ಪ್ರತಿ ದೀಪಾವಳಿಗೆ ಸಿಮೆಂಟು ಕಲಸಿ ಬಿರುಕು ತುಂಬಿ ಸುಣ್ಣ ಹಚ್ಚುತ್ತಿದ್ದ. ಶಿವರಾತ್ರಿ ದಾಟುವುದರೊಳಗೆ ಅದು ಮತ್ತೆ ಬಾಯಿ ತೆರೆಯುತ್ತಿತ್ತು. ಅಪ್ಪ ಗೌಂಡಿಯನ್ನು ಬೈಯುತ್ತಿದ್ದ. ಗೌಂಡಿಯ ತಪ್ಪೇನೂ ಇರಲಿಲ್ಲ, ಮನೆಯನ್ನು ಎತ್ತಿ ಇಳಿಸುತ್ತಿದ್ದದ್ದು ಕೆಳಗಿನ ಎರೆ.

ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೊಲದಲ್ಲಿ ಜೋಳ, ಕಡಲೆಗೆ ಅದೇ ಗುಣ ವರ. ಮನೆಯ ಕೆಳಗೆ ಅದೇ ಶಾಪ. ವಿಚಿತ್ರವೆಂದರೆ, ಮುಂಬೈನಲ್ಲಿ ನಾನು ಕೊರೆಯುವ ಕಪ್ಪು ಕಲ್ಲು ಮತ್ತು ನಮ್ಮೂರ ಎರೆ ಒಂದೇ ಮನೆತನದವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಹರಿದ ಲಾವಾ ಆರಿ ಕಲ್ಲಾಯಿತು. ಆ ಕಲ್ಲು ಶಿಥಿಲವಾಗಿ ಗರಸು, ಅದು ಇನ್ನೂ ಸವೆದು ಎರೆ. ಹಾಗಾಗಿ ನಮ್ಮ ಕಡೆ ಎರೆಯ ಕೆಳಗೆ ಗರಸು, ಅದರ ಕೆಳಗೆ ಕಲ್ಲು ಇರುತ್ತದೆ. ಎಷ್ಟು ಆಳಕ್ಕೆ ಎಂಬುದೇ ಪ್ರಶ್ನೆ. ಗೋಳಗುಮ್ಮಟ ಕಟ್ಟಿದವರು ಪಾಯವನ್ನು ಗಟ್ಟಿ ಬಂಡೆಗೇ ಇಳಿಸಿದ್ದರು. ಅಷ್ಟು ದೊಡ್ಡ ಗುಮ್ಮಟ ಒಂದು ಪಕ್ಕಕ್ಕೆ ಕುಸಿಯದೆ ನಿಂತಿರುವುದರಲ್ಲಿ ಆ ಬಂಡೆಯ ಪಾಲು ದೊಡ್ಡದು.

ಐದು ಗುಂಡಿ, ಒಂದು ಹಗೇವು

ರಜೆ ಹಾಕಿ ರಾತ್ರಿ ಬಸ್ಸು ಹತ್ತಿದೆ. ತಮ್ಮ ಮುಖ ಗಂಟು ಹಾಕಿಕೊಂಡಿದ್ದ. ಅವ್ವ ಸಂಧಾನ ಮಾಡಿದಳು: ‘ಪೂಜಾ ಅವತ್ತೇ ಆಗ್ಲಿ. ಕೆಲಸ ಅವ ಹೇಳಿದಾಗ ಸುರು ಮಾಡ್ರಿ.’

ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಹೀಗೆ ಐದು ಗುಂಡಿ ತೋಡಲು ಜೆಸಿಬಿಯವನಿಗೆ ಗುರುತು ಹಾಕಿಕೊಟ್ಟೆ. ಸುಮಾರು ಒಂದು ಎಕರೆ ಜಾಗದ ಒಟ್ಟಾದ ಕಟ್ಟಡಕ್ಕೆ ಇಷ್ಟು ಸಾಕು, ಸಣ್ಣ ಮನೆಗೆ ನಡುವಿನ ಒಂದೇ ಗುಂಡಿಯೂ ಸಾಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 1892. ನಾನು ಐದು ಎಂದದ್ದು ಅತಿಯಾಯಿತು ಎಂದು ತಮ್ಮ ಗೊಣಗಿದ. ಕಂಬ ಬರುವ ಜಾಗ ಸಡಿಲವಾಗಬಾರದೆಂದು ಗುಂಡಿಗಳನ್ನು ಅದರಿಂದ ಸ್ವಲ್ಪ ಆಚೆಗೆ ಹಾಕಿಸಿದೆ.

ನಾಲ್ಕು ಗುಂಡಿಗಳಲ್ಲಿ ಏಳು ಅಡಿಯವರೆಗೆ ಎರೆ, ಆಮೇಲೆ ಹಳದಿ ಮಿಶ್ರಿತ ಗಟ್ಟಿ ಗರಸು. ಈಶಾನ್ಯ ಮೂಲೆಯ ಐದನೆಯದರಲ್ಲಿ ಮಾತ್ರ ಎಂಟು ಅಡಿ ದಾಟಿದರೂ ಗರಸಿಲ್ಲ. ಬೂದಿ, ಹಂಚಿನ ಚೂರು, ಕೊಳೆತ ಕಣಿಕೆಯ ಕಪ್ಪು ಪುಡಿ ಬಂತು. ಬಕೆಟ್ಟು ಇಳಿಸಿದರೆ ಹಿಟ್ಟಿನಲ್ಲಿ ಇಳಿದ ಹಾಗೆ.

ಗುಂಡಿ ನೋಡಲು ಬಂದಿದ್ದ ಪಕ್ಕದ ಮನೆಯ ಮುತ್ಯಾ ಕೋಲೂರಿ ನಿಂತು ಹೇಳಿದರು: ‘ಅಲ್ಲೇ ನಿಮ್ಮ ಮುತ್ಯಾನ ಹಗೇವು ಇತ್ತಲ್ಲೋ. ಎಪ್ಪತ್ತೆರಡರ ಬರದಾಗ ಅದರಾಗಿನ ಜ್ವಾಳಾನೇ ಓಣಿ ಮಂದಿ ತಿಂದೀವಿ. ಆಮ್ಯಾಲ ಕಸಾ ಹಾಕಿ ಮುಚ್ಚಿದ್ರು.’

ಬಾಯಿ ಕಿರಿದು, ಹೊಟ್ಟೆ ಅಗಲ. ಹಗೇವಿನ ಆಕಾರವೇ ಹಾಗೆ. ಅದರ ಮೇಲೆಯೇ ದೇವರ ಕೋಣೆಯ ಮೂಲೆಗಂಬ ಬರುವುದಿತ್ತು. ತಮ್ಮ ಏನೂ ಮಾತಾಡಲಿಲ್ಲ. ಗುಂಡಿಯ ಅಂಚಿಗೆ ಹೋಗಿ ಬಹಳ ಹೊತ್ತು ನಿಂತಿದ್ದ.

ನನಗೂ ಮುಖಭಂಗವೇ. ಯಂತ್ರ ಕರೆಸುವ ಮೊದಲು ಹಿರಿಯರನ್ನು ಕೇಳಬೇಕಿತ್ತು. ಹಿಂದೆ ಈ ಜಾಗದಲ್ಲಿ ಏನಿತ್ತು, ಬಾವಿಯೇ, ಕೆರೆಯೇ, ಕಲ್ಲುಗಣಿಯೇ, ಅಕ್ಕಪಕ್ಕದ ಮನೆಗಳಲ್ಲಿ ಬಿರುಕು ಇವೆಯೇ ಎಂದು ವಿಚಾರಿಸುವುದೇ ನಮ್ಮ ತನಿಖೆಯ ಮೊದಲ ಹೆಜ್ಜೆ. ಮುಂಬೈನಲ್ಲಿ ತಪ್ಪದೆ ಮಾಡುವ ಅದನ್ನು, ನನ್ನ ಊರು ನನಗೆ ಗೊತ್ತು ಎಂಬ ಸೊಕ್ಕಿನಲ್ಲಿ ಇಲ್ಲಿ ಬಿಟ್ಟಿದ್ದೆ. ತಮ್ಮನಿಗೂ ನನಗೂ ಏನು ವ್ಯತ್ಯಾಸ?

ಸೀಮೆಎಣ್ಣೆಯ ಸಾಕ್ಷಿ

ಮಣ್ಣಿನ ಚೀಲಗಳು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಹೋದವು. ತಮ್ಮನನ್ನೂ ಕರೆದೊಯ್ದೆ. ಎರೆಗೆ ಮಾಡುವ ಒಂದು ಪರೀಕ್ಷೆ ಯಾರಿಗಾದರೂ ಅರ್ಥವಾಗುವಂಥದ್ದು. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಗಾಜಿನ ಅಳತೆ ಕೊಳವೆಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ನೋಡಿದರೆ ನಮ್ಮ ಮಣ್ಣು ಸೀಮೆಎಣ್ಣೆಯಲ್ಲಿ 11 ಮಿ.ಲೀ., ನೀರಿನಲ್ಲಿ 20 ಮಿ.ಲೀ. ಅಂದರೆ ಶೇ 82ರಷ್ಟು ಉಬ್ಬು. ಶೇ 50 ದಾಟಿದರೇ ನಾವು ಎಚ್ಚರವಾಗುತ್ತೇವೆ. ತಮ್ಮ ಎರಡು ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡಿ, ‘ಅಪ್ಪ ಸುಮ್ನ ಗೌಂಡೀನ ಬೈತಿದ್ದ’ ಎಂದ.

ಆಮೇಲೆ ತೀರ್ಮಾನಗಳು ಸುಲಭವಾದವು. ಕಂಬಗಳ ಪಾಯ ಎರೆ ದಾಟಿ ಗರಸಿಗೆ. ಹಗೇವಿನ ಕಸ ಪೂರ್ತಿ ತೆಗೆದು, ಗಟ್ಟಿ ನೆಲದಿಂದ ಕಾಂಕ್ರೀಟು ತುಂಬಿ ಮೇಲೆ ತರುವುದು. ಕಂಬಗಳನ್ನು ಜೋಡಿಸುವ ತೊಲೆ ಮಣ್ಣಿಗೆ ತಾಗದಂತೆ ಕೆಳಗೆ ಕೆಲವು ಅಂಗುಲ ಖಾಲಿ ಬಿಡುವುದು, ಎರೆ ಉಬ್ಬಿದರೆ ಆ ಜಾಗಕ್ಕೆ ಉಬ್ಬಲಿ. ನೆಲಹಾಸಿನ ಕೆಳಗಿನ ಎರೆ ತೆಗೆದು ಗರಸು ತುಂಬಿ ಕುಟ್ಟುವುದು. ಮನೆಯ ಸುತ್ತ ಪರಸಿ ಹಾಸಿ, ಬಚ್ಚಲು ನೀರು ಗೋಡೆ ಬುಡದಲ್ಲಿ ಇಂಗದಂತೆ ದೂರ ಸಾಗಿಸುವುದು. ಗೋಡೆಗೆ ಅಂಟಿಕೊಂಡಂತೆ ಬೇವು ಹಚ್ಚದಿರುವುದು, ಬೇರು ಬೇಸಿಗೆಯಲ್ಲಿ ನೆಲದ ತೇವವನ್ನೆಲ್ಲ ಹೀರುತ್ತದೆ. ಗರಸು ಇನ್ನೂ ಆಳಕ್ಕಿದ್ದಿದ್ದರೆ ಬುಡದಲ್ಲಿ ಗಡಿಗೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳನ್ನು ಇಳಿಸಬೇಕಾಗುತ್ತಿತ್ತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಭೂಮಿಗೆಂದೇ ರೂಪಿಸಿದ ವಿಧಾನ ಅದು.

ಗುಂಡಿ, ಪ್ರಯೋಗಾಲಯ, ವರದಿ ಎಲ್ಲ ಸೇರಿ ಆದ ಖರ್ಚು ಮುಂಬಾಗಿಲಿನ ಕಟ್ಟಿಗೆಗೆ ಕೊಟ್ಟದ್ದರ ಅರ್ಧವೂ ಇಲ್ಲ.

ದೂರದಲ್ಲಿದ್ದು ಮನೆ ಕಟ್ಟಿಸುವವರಿಗೆ

ಮುಂಬೈ, ಪುಣೆ, ಹೈದರಾಬಾದಿನಲ್ಲಿ ದುಡಿದು ಊರಲ್ಲಿ ಮನೆ ಕಟ್ಟಿಸುವವರು ನಮ್ಮಲ್ಲಿ ಬಹಳ. ಟೈಲ್ಸಿನ ಬಣ್ಣಕ್ಕೆ ಹತ್ತು ಫೋಟೊ ತರಿಸುತ್ತೇವೆ. ಪಾಯದ ಗುಂಡಿಯ ಒಂದು ಫೋಟೊವನ್ನೂ ಕೇಳಿರಿ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು. ವರದಿ ಕೈಗೆ ಬಂದರೆ ನಾಲ್ಕು ವಿಷಯ ನೋಡಿ: ಎಲ್ಲೆಲ್ಲಿ, ಎಷ್ಟು ಆಳ ತೋಡಿದರು, ಯಾವ ಆಳದಲ್ಲಿ ಯಾವ ಮಣ್ಣು, ಅಂತರ್ಜಲ ಎಷ್ಟರಲ್ಲಿ, ಯಾವ ತಿಂಗಳಲ್ಲಿ ಅಳೆದದ್ದು, ಯಾವ ಆಳದಲ್ಲಿ ಒಂದು ಚದರ ಮೀಟರ್‌ಗೆ ಎಷ್ಟು ಟನ್ ಭಾರ ಹಾಕಬಹುದು. ಎರೆ ಇದ್ದರೆ ಉಬ್ಬಿನ ಪರೀಕ್ಷೆಯ ಅಂಕಿ ಐದನೆಯದು. ಪಕ್ಕದ ಸೈಟಿನ ವರದಿ ನಿಮ್ಮದಲ್ಲ; ನಮ್ಮ ಒಂದೇ ಸೈಟಿನ ಐದು ಗುಂಡಿಗಳಲ್ಲೇ ಒಂದು ಬೇರೆ ತರ ಇರಲಿಲ್ಲವೆ?

ವಾಸ್ತುವಿನ ಮೇಲೆ ನಂಬಿಕೆ ಇದ್ದವರಿಗೂ ಇದು ಹೊಸದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲೇ ಗುಂಡಿ ತೋಡಿ ಅದೇ ಮಣ್ಣನ್ನು ಮತ್ತೆ ತುಂಬಿ ನೋಡುವ ಪರೀಕ್ಷೆ ಇದೆ. ಮಣ್ಣು ಮಿಕ್ಕಿದರೆ ಒಳ್ಳೆಯ ನೆಲ, ಸಾಲದಾದರೆ ಕೆಟ್ಟದ್ದು. ದಿಕ್ಕು ನೋಡುವ ನಾವು ಗುಂಡಿಯನ್ನು ಮರೆತೆವು ಅಷ್ಟೆ.

ಅಕ್ಷಯ ತದಿಗೆಯ ದಿನ ಪೂಜೆ ಆಯಿತು, ಕೆಲಸ ಮೂರು ವಾರ ತಡವಾಗಿ ಶುರುವಾಯಿತು. ಮನೆಗೆ ಬಂದ ಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿವೆ. ಇಷ್ಟಕ್ಕೇ ಗೆದ್ದೆ ಎನ್ನಲಾರೆ, ಎರೆಯ ಜೊತೆ ಅಂಥ ಮಾತು ಆಡಬಾರದು. ಮೊನ್ನೆ ಹೋದಾಗ ಕಿಟಕಿಯ ಮೂಲೆಗಳ ಮೇಲೆ ಬೆರಳಾಡಿಸಿ ನೋಡಿದೆ. ಏನೂ ಇರಲಿಲ್ಲ. ಹಳೆ ಮನೆಯ ಬಿರುಕು ಮಾತ್ರ ಈ ಸಲವೂ ತೆರೆದುಕೊಂಡಿತ್ತು.

ಹೋದ ವಾರ ಡಬ್ಬಿ ಬಿಚ್ಚುವ ಹೊತ್ತಿಗೆ ತಮ್ಮನಿಂದ ಒಂದು ಫೋಟೊ ಬಂತು. ಯಾರದೋ ಸೈಟು, ಆಳದ ಗುಂಡಿ, ಪಕ್ಕದಲ್ಲಿ ಅಳತೆ ಪಟ್ಟಿ. ಕೆಳಗೆ ಬರೆದಿದ್ದ: ‘ಅಣ್ಣಾ, ನಮ್ಮ ದೋಸ್ತನ ಜಾಗಾ. ಆರು ಫೂಟಿಗೆ ಗರಸು ಬಂದದ. ಆದ್ರೂ ಓಣ್ಯಾಗಿನ ಮುತ್ಯಾಗ ಒಮ್ಮೆ ಕೇಳಿ ಬರ್ತೀನಿ.’