ಶಾಲೆಯ ಬಸ್ಸು ನಮ್ಮ ಮಗುವಿಗೂ ನಿಲ್ಲಬೇಕು



ನಮ್ಮ ಬೆಳಗಿನ ಹೊತ್ತು ಎಂದರೆ ನಿಮ್ಮ ಮನೆಗಳಲ್ಲಿ ಟಿಫಿನ್ ಡಬ್ಬಿ ತುಂಬುವ ಗಡಿಬಿಡಿಯ ಹೊತ್ತು. ಸೊಸೈಟಿ ಗೇಟಿನ ಮುಂದೆ ಹಳದಿ ಬಸ್ಸು ನಿಲ್ಲುತ್ತದೆ, ಮಕ್ಕಳು ಹತ್ತುತ್ತಾರೆ, ಎರಡೇ ನಿಮಿಷದಲ್ಲಿ ಹೊರಟುಬಿಡುತ್ತದೆ. ಆ ಎರಡು ನಿಮಿಷದಲ್ಲಿ ಹತ್ತಲಾಗದ ಮಕ್ಕಳೂ ಇದ್ದಾರೆ. ವೀಲ್‌ಚೇರಿನ ಮಗು, ಫಿಟ್ಸ್ ಬರುವ ಮಗು, ಆಟಿಸಂ ಇದ್ದು ಮಾತು ಕಡಿಮೆ ಇರುವ ಮಗು. "ಇವನನ್ನು ನೀವೇ ಕರೆತನ್ನಿ" ಎನ್ನುತ್ತದೆ ಶಾಲೆ. ಆಗ ಅಮ್ಮ ಕೆಲಸ ಬಿಡಬೇಕು, ಇಲ್ಲವೇ ದಿನವೂ ಆಟೋಗೆ ಹಣ ಸುರಿಯಬೇಕು. ಎರಡೂ ಆಗದಿದ್ದರೆ ಮಗು ಮನೆಯಲ್ಲೇ. ಅಡ್ಮಿಷನ್ ಸಿಕ್ಕ ಮೇಲೂ ಶಾಲೆ ತಪ್ಪುವುದು ಹೀಗೆ.

ಪರವೂರು, ಪರಭಾಷೆ, ಶಾಲೆಯವರ ಮನಸ್ಸು ಕೆಡಿಸುವುದೇಕೆ ಎಂಬ ಸಂಕೋಚ ನಮ್ಮವರಿಗೆ ಹೆಚ್ಚು. ಆದರೆ ಬಸ್ಸು ಕೇಳುವುದು ಉಪಕಾರ ಬೇಡಿದಂತಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 16ನೇ ಕಲಂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಬಗ್ಗೆ ಹೇಳುತ್ತದೆ. ವಿಕಲಚೇತನ ಮಕ್ಕಳಿಗೆ ಸಾರಿಗೆ ಸೌಲಭ್ಯ ಕೊಡಬೇಕು, ಹೆಚ್ಚಿನ ಆಸರೆ ಬೇಕಾದ ಮಗುವಿದ್ದರೆ ಜೊತೆಗಿರುವ ಸಹಾಯಕರಿಗೂ ಕೊಡಬೇಕು ಎಂಬ ಮಾತು ಅದರಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆಗೆ ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ಮಾದರಿ ನಿಯಮಗಳಲ್ಲೂ ಇಂಥ ಮಕ್ಕಳಿಗೆ ತಕ್ಕ, ಸುರಕ್ಷಿತ ಸಾರಿಗೆ ಏರ್ಪಡಿಸುವ ಹೊಣೆಯನ್ನು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಲಾಗಿದೆ.

ಸರಿ, ಸುರಕ್ಷಿತ ಎಂದರೆ ಏನು? 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು 25ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಅದೇ ವರ್ಷ ಸುಪ್ರೀಂ ಕೋರ್ಟ್ ಶಾಲಾ ಬಸ್ಸುಗಳಿಗೆ ಕಟ್ಟುಪಾಡು ವಿಧಿಸಿತು. ವೇಗ 40 ಕಿ.ಮೀ. ದಾಟಬಾರದು, ಚಾಲಕನಿಗೆ ಭಾರಿ ವಾಹನ ಓಡಿಸಿದ ಕನಿಷ್ಠ 5 ವರ್ಷದ ಅನುಭವ ಬೇಕು, ಬಸ್ಸಿನಲ್ಲಿ ಅವನ ಜೊತೆ ಇನ್ನೊಬ್ಬ ಅರ್ಹ ವ್ಯಕ್ತಿ ಇರಬೇಕು. ಇವು ಎಲ್ಲ ಮಕ್ಕಳಿಗೂ ಬೇಕಾದವೇ. ಆದರೆ ನಮ್ಮ ಮಗುವಿಗೆ ಇಷ್ಟೇ ಸಾಲದು.

ವೀಲ್‌ಚೇರನ್ನೇ ನೋಡಿ. ಬಸ್ಸಿಗೆ ಹತ್ತಿಸಿ ಚಕ್ರದ ಬ್ರೇಕ್ ಹಾಕಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಬಸ್ಸು ಗಕ್ಕನೆ ನಿಂತರೆ ಆ ಬ್ರೇಕ್ ತಡೆಯುವುದಿಲ್ಲ. ಕುರ್ಚಿ ಮುಂದಕ್ಕೆ ಮುಖ ಮಾಡಿರಬೇಕು, ಅಡ್ಡಕ್ಕೆ ಇಡಬಾರದು. ಮುಂದೆ ಎರಡು, ಹಿಂದೆ ಎರಡು, ಹೀಗೆ ನಾಲ್ಕು ಪಟ್ಟಿಗಳಿಂದ ಅದನ್ನು ಬಸ್ಸಿನ ನೆಲಕ್ಕೆ ಬಿಗಿಯಬೇಕು. ಮಗುವಿಗೆ ಸೊಂಟಕ್ಕೂ ಭುಜಕ್ಕೂ ಬೇರೆ ಬೆಲ್ಟ್ ಬೇಕು. ಕುರ್ಚಿಯದೇ ಚಿಕ್ಕ ಬೆಲ್ಟ್ ಅಪಘಾತಕ್ಕೆ ಆಗುವಂಥದ್ದಲ್ಲ. ಮಗು ಬಸ್ಸಿನ ಸೀಟಿನಲ್ಲಿ ಕೂರಬಲ್ಲದಾದರೆ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ, ಮಡಚಿದ ಕುರ್ಚಿಯನ್ನು ಕಟ್ಟಿಡುವುದು ಮೇಲು. ಬಸ್ಸುಗಳಲ್ಲಿ ವೀಲ್‌ಚೇರ್ ಹತ್ತಿಸಲು ಮತ್ತು ಬಿಗಿಯಲು ವ್ಯವಸ್ಥೆ ಇರಬೇಕೆಂದು ಕೇಂದ್ರ ಸರ್ಕಾರ 2019ರ ಡಿಸೆಂಬರ್‌ನಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿದೆ. ಹತ್ತು ಮಕ್ಕಳನ್ನು ತುರುಕಿಕೊಂಡು ಓಡುವ ವ್ಯಾನಿನಲ್ಲಿ ಇದನ್ನೆಲ್ಲ ಹುಡುಕಬೇಡಿ.

ಫಿಟ್ಸ್ ಇರುವ ಮಗುವಿದ್ದರೆ ಬಸ್ಸಿನ ಸಹಾಯಕರಿಗೆ ಮೂರು ಮಾತು ಗೊತ್ತಿರಬೇಕು. ಪಕ್ಕಕ್ಕೆ ಮಲಗಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು, 5 ನಿಮಿಷ ಮೀರಿದರೆ ನೇರ ಆಸ್ಪತ್ರೆಗೆ ಒಯ್ಯುವುದು. ಕೈಗೆ ಬೀಗದ ಕೈ ಕೊಡುವ ಪದ್ಧತಿಯಿಂದ ಏನೂ ಆಗುವುದಿಲ್ಲ.

ಇನ್ನು ಹೊರನಾಡ ಕನ್ನಡಿಗರಾದ ನಮಗೇ ಇರುವ ಒಂದು ತೊಡಕು. ಮಾತು ಕಡಿಮೆ ಇರುವ ಮಗುವಿಗೆ ಬರುವ ಹತ್ತಾರು ಮಾತುಗಳು ಮನೆಯ ಕನ್ನಡದವು. "ನೀರು", "ಉಚ್ಚೆ", "ಬೇಡ", "ನೋವು". ಬಸ್ಸಿನ ಮಾವಶಿಗೆ ಮರಾಠಿ ಬರುತ್ತದೆ, ಚೆನ್ನೈನ ಆಯಾಗೆ ತಮಿಳು. ಮಗು "ಬೇಡ, ಬೇಡ" ಎಂದು ಅತ್ತರೆ ಹಟ ಎಂದು ಗದರಿಸುತ್ತಾರೆ. ಬೆಲ್ಟು ಚರ್ಮಕ್ಕೆ ಒತ್ತುತ್ತಿತ್ತು ಎನ್ನುವುದು ಸಂಜೆ ಬಟ್ಟೆ ಬದಲಿಸುವಾಗಲೇ ತಿಳಿಯುವುದು. ಆದ್ದರಿಂದ ಒಂದು ಕಾರ್ಡು ಮಾಡಿ. ಮಗುವಿನ ಈ ಮಾತುಗಳು, ಸನ್ನೆಗಳು, ಅವುಗಳ ಅರ್ಥ, ಹಾರ್ನ್ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತದೆಯೇ, ಕೈ ಬಿಟ್ಟರೆ ಓಡುತ್ತದೆಯೇ, ಎಲ್ಲವನ್ನೂ ಸಹಾಯಕರು ಓದಬಲ್ಲ ಭಾಷೆಯಲ್ಲಿ ಬರೆಸಿ. ಪಕ್ಕದ ಮನೆಯವರನ್ನು ಕೇಳಿದರೂ ಬರೆದುಕೊಟ್ಟಾರು. ಮಗುವನ್ನು ಇಳಿಸಿದಾಗ ಯಾರ ಕೈಗೆ ಒಪ್ಪಿಸಬೇಕು ಎಂಬುದನ್ನೂ ಅದರಲ್ಲಿ ಸೇರಿಸಿ. ಚಾಲಕ ಅಥವಾ ಸಹಾಯಕರು ಬದಲಾದರೆ ಮುಂಚೆಯೇ ತಿಳಿಸುವಂತೆ ಶಾಲೆಗೆ ಹೇಳಿಡಿ.

ಕೇಳುವುದನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಪ್ರಿನ್ಸಿಪಾಲರಿಗೆ ಪತ್ರ ಬರೆದು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. "ಬಸ್ಸು ಬೇಕು" ಎಂದಷ್ಟೇ ಬರೆದರೆ "ನೋಡೋಣ" ಎಂಬ ಉತ್ತರ ಬರುತ್ತದೆ. ಯಾವ ಸ್ಟಾಪ್, ಯಾವ ಬೆಲ್ಟ್, ಸಹಾಯಕರು ಏಕೆ ಬೇಕು ಎಂದು ಬರೆಯಿರಿ, ಡಾಕ್ಟರ ಚೀಟಿಯನ್ನೂ ಪ್ರಮಾಣಪತ್ರದ ನಕಲನ್ನೂ ಲಗತ್ತಿಸಿ. ಕರ್ನಾಟಕದಲ್ಲಿ ಮಾಡಿಸಿದ ಪ್ರಮಾಣಪತ್ರವಾದರೂ ಅಡ್ಡಿಯಿಲ್ಲ, ಅದು ದೇಶದಾದ್ಯಂತ ನಡೆಯುತ್ತದೆ. ಮಹಾರಾಷ್ಟ್ರದಲ್ಲಿರುವವರಿಗೆ ಇನ್ನೊಂದು ಬಾಗಿಲೂ ಇದೆ. ಅಲ್ಲಿನ 2011ರ ಶಾಲಾ ಬಸ್ ನಿಯಮಗಳ ಪ್ರಕಾರ ಪ್ರತಿ ಶಾಲೆಯಲ್ಲೂ ಸಾರಿಗೆ ಸಮಿತಿ ಇರಬೇಕು, ಪಾಲಕರ ಪ್ರತಿನಿಧಿಯೂ ಅದರಲ್ಲಿರುತ್ತಾರೆ. ಪತ್ರದ ಒಂದು ಪ್ರತಿ ಅವರಿಗೂ ಹೋಗಲಿ.

ಉತ್ತರ ಬಾರದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಮಹಾರಾಷ್ಟ್ರದ ಆಯುಕ್ತರ ಕಚೇರಿ ಪುಣೆಯಲ್ಲಿದೆ. ಆಯುಕ್ತರು ಕೊಡುವುದು ಶಿಫಾರಸು, ಕೋರ್ಟಿನ ತೀರ್ಪಲ್ಲ. ಆದರೂ ಸಂಬಂಧಪಟ್ಟ ಪ್ರಾಧಿಕಾರ 3 ತಿಂಗಳೊಳಗೆ ಕ್ರಮ ಕೈಗೊಳ್ಳಬೇಕು, ಒಪ್ಪದಿದ್ದರೆ ಕಾರಣ ತಿಳಿಸಬೇಕು. ಮುದ್ರೆ ಬಿದ್ದ ನಕಲು ಆಗ ಕೆಲಸಕ್ಕೆ ಬರುತ್ತದೆ.

ಶಾಲೆ ಒಪ್ಪಿತೆನ್ನಿ. ತರಗತಿಗಳು ಶುರುವಾಗುವ ಮೊದಲು, ಮಗುವನ್ನು ಕೂರಿಸಿಕೊಂಡು ನೀವೂ ಅದೇ ಬಸ್ಸಿನಲ್ಲಿ ಒಂದು ಸುತ್ತು ಹೋಗಿಬನ್ನಿ. ಬೆಲ್ಟು ಎಲ್ಲಿ ಒತ್ತುತ್ತದೆ, ಮೆಟ್ಟಿಲು ಎಷ್ಟು ಎತ್ತರ, ಹತ್ತಿಸಲು ನಿಜವಾಗಿ ಎಷ್ಟು ನಿಮಿಷ ಬೇಕು ಎಂಬುದು ಅಂದೇ ತಿಳಿಯುತ್ತದೆ.