ಓಗೊಡದಿದ್ದರೆ ಮತ್ತೊಮ್ಮೆ

ತೊಟ್ಟಿಯ ಮನೆಗಳಲ್ಲಿ ಬೆಳೆದವರಿಗೆ ಒಂದು ಕಟ್ಟಳೆಯು ಇನ್ನೂ ನೆನಪಿರಬಹುದು. ಅಡುಗೆಯ ಮನೆಯಿಂದ ತಾಯಿಯು ಹೆಸರು ಹಿಡಿದು ಕೂಗಿದಳೆಂದರೆ, ಮಗುವು ಹಿತ್ತಿಲಲ್ಲಿರಲಿ, ಅಟ್ಟದ ಮೇಲಿರಲಿ, ಮೊದಲು 'ಓ' ಎನ್ನಬೇಕು. ಬರುವುದು ತುಸು ತಡವಾದರೂ ಕ್ಷಮೆಯುಂಟು, ಓಗೊಡುವುದು ತಡವಾದರೆ ಇಲ್ಲ. ಆ ಒಂದಕ್ಷರದಲ್ಲಿ ವಿಷಯವೆಂಬುದು ಏನೂ ಇಲ್ಲ. ಕೂಗು ಮುಟ್ಟಿತೆಂಬ ಸಾಕ್ಷ್ಯವೊಂದೇ ಅದರ ಸಾರ. ಅದು ಕೇಳಿಬಾರದಿದ್ದರೆ ತಾಯಿಯು ಮತ್ತೊಮ್ಮೆ ಕೂಗುವಳು, ಮಗದೊಮ್ಮೆ ಕೂಗುವಳು, ಕೊನೆಗೆ ಬೇಸತ್ತು ಸುಮ್ಮನಾಗುವಳು. ಮನೆಯ ಮೂಲೆಯಲ್ಲಿ ದೀಪ ಮಿಟುಕಿಸುತ್ತ ಕುಳಿತಿರುವ ವೈಫೈ ಪೆಟ್ಟಿಗೆಗೂ ನಮ್ಮ ಕೈಯಲ್ಲಿನ ಫೋನಿಗೂ ನಡುವೆ ಅಹರ್ನಿಶಿ ನಡೆಯುತ್ತಿರುವ ವ್ಯವಹಾರವು ಇದೇ ಕಟ್ಟಳೆಯದು ಎಂದರೆ ಓದುಗರು ನಂಬಲಾರರೇನೋ. ಆದರೆ ಗಾಳಿಯಲ್ಲಿ ಕಳೆದುಹೋದುದನ್ನು ಕಂಡುಹಿಡಿದು ಮರಳಿ ಕಳುಹಿಸುವ ವಿದ್ಯೆಯೆಲ್ಲವೂ ಆ 'ಓ'ಕಾರದ ಸುತ್ತಲೇ ಬೆಳೆದು ಬಂದಿದೆ.

ವೈಫೈ ಪೆಟ್ಟಿಗೆಯು ನಾವು ಓದುವ ಪತ್ರವನ್ನಾಗಲಿ ನೋಡುವ ಚಿತ್ರವನ್ನಾಗಲಿ ಇಡಿಯಾಗಿ ಬಯಲಿಗೆ ಬಿಡುವುದಿಲ್ಲ. ಅದನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಪ್ರತಿಯೊಂದರ ತಲೆಯಲ್ಲಿ ಯಾರಿಂದ ಯಾರಿಗೆ ಎಂಬ ವಿಳಾಸವನ್ನೂ ಕ್ರಮಸಂಖ್ಯೆಯನ್ನೂ ಬರೆದು, ಬಾಲದಲ್ಲಿ ಪರೀಕ್ಷೆಯ ಅಂಕೆಯೊಂದನ್ನು ಕಟ್ಟಿ, ಒಂದಾದ ಮೇಲೊಂದರಂತೆ ಕಳುಹಿಸುತ್ತದೆ. ಇಂಥ ತುಂಡಿಗೆ ಫ್ರೇಮ್ ಎಂದು ಹೆಸರು. ತಂತಿಯೊಳಗೆ ಹರಿಯುವ ಫ್ರೇಮಿಗೆ ತನ್ನದೇ ಆದ ದಾರಿಯುಂಟು, ಸುತ್ತಲೂ ಕವಚವುಂಟು. ಬಯಲಿಗೆ ಬಿದ್ದ ಫ್ರೇಮಿಗೆ ಇವೆರಡೂ ಇಲ್ಲ. ಗೋಡೆಗೆ ತಾಗಿ ಹಿಂದಿರುಗಿದ ಅಲೆಯು ನೇರವಾಗಿ ಬಂದ ಅಲೆಯನ್ನು ಸಂಧಿಸಿ, ಒಂದರ ಏರು ಇನ್ನೊಂದರ ಇಳಿಯೊಡನೆ ಸೇರಿ, ಎರಡೂ ಅಳಿದುಹೋಗಬಹುದು, ವೈಫೈ ಬಳಸುವ 2.4 ಗಿಗಾಹರ್ಟ್ಸ್ ಆವರ್ತದಲ್ಲಿಯೇ ಕೆಲಸ ಮಾಡುವ ಮೈಕ್ರೋವೇವ್ ಒಲೆಯು ಅಡುಗೆಯ ಮನೆಯಿಂದ ಗದ್ದಲವೆಬ್ಬಿಸಬಹುದು. ಪಕ್ಕದ ಮನೆಯ ಪೆಟ್ಟಿಗೆಯು ಅದೇ ಕ್ಷಣದಲ್ಲಿ ಬಾಯಿ ತೆರೆಯಬಹುದು. ಹೀಗಿರುವಾಗ ಫ್ರೇಮುಗಳು ಕೆಡುವುದು ಸೋಜಿಗವಲ್ಲ, ಕೆಟ್ಟುದು ನಮ್ಮ ಅರಿವಿಗೆ ಬಾರದಿರುವುದೇ ಸೋಜಿಗ.

ಕೆಟ್ಟುದನ್ನು ಕೆಟ್ಟುದೆಂದು ಯಂತ್ರವು ಅರಿಯುವುದೆಂತು? ಈ ಪ್ರಶ್ನೆಗೆ ಒಂದು ಸೊಗಸಾದ ಉತ್ತರವನ್ನು ಕೊಟ್ಟವನು ಹಾಲೆಂಡಿನ ಅಂಚೆ ತಂತಿ ಇಲಾಖೆಯಲ್ಲಿದ್ದ ಹೆಂಡ್ರಿಕ್ ವಾನ್ ಡ್ಯೂರೆನ್. ಶಾರ್ಟ್‌ವೇವ್ ಅಲೆಗಳು ಆಕಾಶದ ಅಯಾನುಮಂಡಲಕ್ಕೆ ತಾಗಿ ಸಾಗರಗಳಾಚೆಗೆ ಇಳಿಯುವಾಗ ಏಳುತ್ತ ಬೀಳುತ್ತ ಹೋಗುವುದರಿಂದ, ಟೆಲಿಪ್ರಿಂಟರಿನಲ್ಲಿ ಒಂದಕ್ಷರವು ಇನ್ನೊಂದಾಗಿ ಅಚ್ಚಾಗುತ್ತಿತ್ತು. ಅಂದಿನ ಸಂಕೇತದಲ್ಲಿ ಅಕ್ಷರವೊಂದಕ್ಕೆ ಐದು ಸ್ಥಾನಗಳು, ಪ್ರತಿಯೊಂದೂ 'ಇದೆ' ಅಥವಾ 'ಇಲ್ಲ'; ಒಟ್ಟು 32 ಜೋಡಣೆಗಳು, ಎಲ್ಲಕ್ಕೂ ಅರ್ಥವುಂಟು; ಆದುದರಿಂದ ಯಾವುದು ಬಂದರೂ ಯಂತ್ರವು ಅದನ್ನು ಸರಿಯೆಂದೇ ತಿಳಿಯಬೇಕಾಗಿತ್ತು. ವಾನ್ ಡ್ಯೂರೆನನು 1940ರ ದಶಕದಲ್ಲಿ ರೂಪಿಸಿದ ವ್ಯವಸ್ಥೆಯಲ್ಲಿ ಏಳು ಸ್ಥಾನಗಳಿದ್ದು, ಅವುಗಳಲ್ಲಿ ಸರಿಯಾಗಿ ಮೂರರಲ್ಲಿ ಮಾತ್ರ 'ಇದೆ' ಇರಬೇಕೆಂಬ ನಿಯಮವಿತ್ತು. ಅಂಥ ಜೋಡಣೆಗಳು 35. ಅಕ್ಷರಗಳಿಗೆ 32 ಸಂದರೆ ಉಳಿಯುವ ಮೂರರಲ್ಲಿ ಒಂದಕ್ಕೆ ಅವನು 'ಮತ್ತೊಮ್ಮೆ ಹೇಳು' ಎಂಬ ಅರ್ಥವನ್ನಿತ್ತನು. ಎಣಿಸಿದಾಗ ಮೂರು ಬಾರದಿದ್ದರೆ ಯಂತ್ರವು ಅಚ್ಚೊತ್ತುವುದನ್ನು ನಿಲ್ಲಿಸಿ, ಮನುಷ್ಯರ ಅಪ್ಪಣೆಗೆ ಕಾಯದೆ, ತಾನಾಗಿಯೇ ಪುನರುಕ್ತಿಯನ್ನು ಬೇಡುತ್ತಿತ್ತು.

ಎಣಿಕೆಯ ಈ ಉಪಾಯದಲ್ಲಿ ಒಂದು ಬಿರುಕುಂಟು. ಒಂದೆಡೆಯ 'ಇದೆ'ಯು 'ಇಲ್ಲ'ವಾಗಿ, ಇನ್ನೊಂದೆಡೆಯ 'ಇಲ್ಲ'ವು 'ಇದೆ'ಯಾದರೆ ಎಣಿಕೆಯು ಮೂರೇ ಉಳಿಯುತ್ತದೆ. ಲೆಕ್ಕಪತ್ರದವರು ಬಲ್ಲ ಒಂಬತ್ತರ ತಾಳೆಯಲ್ಲಿಯೂ ಇದೇ ದೋಷವಿದೆ: 2357ರ ಅಂಕೆಗಳನ್ನು ಕೂಡಿದರೆ 17, ಮತ್ತೆ ಕೂಡಿದರೆ 8, ಮೊದಲೆರಡು ಅಂಕೆಗಳು ಸ್ಥಾನ ಬದಲಿಸಿ 3257 ಆದರೂ 8 ಬರುತ್ತದೆ, ತಪ್ಪು ನುಸುಳಿಕೊಂಡು ಹೋಗುತ್ತದೆ. ಆದರೆ ಅದೇ ಸಂಖ್ಯೆಗಳನ್ನು 7ರಿಂದ ಭಾಗಿಸಿ ನೋಡಿರಿ. ಮೊದಲನೆಯದರಲ್ಲಿ ಉಳಿಯುವ ಶೇಷ 5, ಎರಡನೆಯದರಲ್ಲಿ 2. ಅಂಕೆಗಳ ಮೊತ್ತಕ್ಕೆ ಕಾಣದ ಪಲ್ಲಟವು ಭಾಗಾಕಾರದ ಶೇಷಕ್ಕೆ ಕಂಡಿತು. ಈ ತತ್ತ್ವವನ್ನು ಯಂತ್ರಗಳಿಗೆ ಒಗ್ಗುವಂತೆ, ದಶಕ ಕೊಂಡೊಯ್ಯುವ ಕಟ್ಟಿಲ್ಲದ ಬೇರೊಂದು ಬಗೆಯ ಭಾಗಾಕಾರವಾಗಿ 1961ರಲ್ಲಿ ಮುಂದಿಟ್ಟವನು ವೆಸ್ಲಿ ಪೀಟರ್ಸನ್ ಎಂಬ ಅಮೆರಿಕದ ಗಣಿತಜ್ಞ. ಇಡೀ ಫ್ರೇಮನ್ನು ಒಂದೇ ಮಹಾಸಂಖ್ಯೆಯೆಂದು ಬಗೆದು, ಇಬ್ಬರಿಗೂ ಮೊದಲೇ ತಿಳಿದಿರುವ ಭಾಜಕದಿಂದ ಭಾಗಿಸಿ, ಶೇಷವನ್ನು ಬಾಲಕ್ಕೆ ಕಟ್ಟಿ ಕಳುಹಿಸುವುದು. ಪಡೆದವನು ಅದೇ ಭಾಗಾಕಾರವನ್ನು ಮಾಡಿ ತಾಳೆ ನೋಡುವುದು. ಇಂದಿನ ವೈಫೈ ಫ್ರೇಮಿನ ಬಾಲದಲ್ಲಿರುವ ಶೇಷವು 32 ಬಿಟ್ ಉದ್ದದ್ದು. ರೇಡಿಯೋದಲ್ಲಿ ತಪ್ಪುಗಳು ಬಿಡಿಬಿಡಿಯಾಗಿ ಬಾರದೆ ಗೊಂಚಲಾಗಿ ಬರುವ ಸ್ವಭಾವದವು. 32 ಬಿಟ್ಟುಗಳೊಳಗಿನ ಒಂದು ಗೊಂಚಲು ಯಾವುದೇ ಆಗಲಿ ಈ ಪರೀಕ್ಷೆಗೆ ಸಿಕ್ಕೇಬೀಳುತ್ತದೆ. ಫ್ರೇಮು ಗುರುತು ಸಿಗದಷ್ಟು ಚೆಲ್ಲಾಪಿಲ್ಲಿಯಾದರೂ ಪರೀಕ್ಷೆಯು ಮೋಸಹೋಗುವುದು ಸುಮಾರು 430 ಕೋಟಿಯಲ್ಲಿ ಒಂದು ಸಲ.

ಕೆಟ್ಟ ಫ್ರೇಮು ಕೈಗೆ ಬಂದಾಗ ವೈಫೈ ಯಂತ್ರವು ವಾನ್ ಡ್ಯೂರೆನನ ಯಂತ್ರದಂತೆ 'ಮತ್ತೊಮ್ಮೆ ಹೇಳು' ಎನ್ನುವುದಿಲ್ಲ; ಸದ್ದಿಲ್ಲದೆ ಅದನ್ನು ಎಸೆದುಬಿಡುತ್ತದೆ. ಇದು ಉದಾಸೀನವಲ್ಲ. ಫ್ರೇಮು ಕೆಟ್ಟಿದೆಯೆಂದ ಮೇಲೆ ಅದರ ತಲೆಯಲ್ಲಿರುವ ವಿಳಾಸವೂ ಕೆಟ್ಟಿರಬಹುದು. ಯಾರನ್ನು ಕುರಿತು ದೂರುವುದು? ಅಲ್ಲದೆ ಎಷ್ಟೋ ಫ್ರೇಮುಗಳು ಕೆಟ್ಟಾದರೂ ಬಂದು ಮುಟ್ಟುವುದಿಲ್ಲ, ನಡುದಾರಿಯಲ್ಲಿಯೇ ಲಯವಾಗುತ್ತವೆ. ಕೂಗನ್ನೇ ಕೇಳದವನು 'ನನಗೆ ಕೇಳಲಿಲ್ಲ' ಎಂದು ಹೇಳುವುದೆಂತು? ಎರಡೇ ನಿಲ್ದಾಣಗಳು ಒಂದರ ಮುಖವನ್ನೊಂದು ನೋಡುತ್ತ ಎಡೆಬಿಡದೆ ಮಾತಾಡುವಲ್ಲಿ ದೂರು ನಡೆಯುತ್ತದೆ. ಹಲವರು ಮನಬಂದಾಗ ಬಾಯಿ ತೆರೆಯುವ ಬಯಲಿನಲ್ಲಿ ಅದು ನಡೆಯದು. ಅಲ್ಲಿ ಕೆಟ್ಟುದನ್ನು ದೂರುವುದಕ್ಕೆ ಬದಲಾಗಿ ಸರಿಯಾಗಿ ಬಂದುದಕ್ಕೆ ಓಗೊಡಬೇಕು. ಓಗೊಡದ ಮೌನವನ್ನೇ ನಷ್ಟದ ಸುದ್ದಿಯೆಂದು ತಿಳಿಯಬೇಕು.

ಈ ಪಾಠವನ್ನು ಲೋಕಕ್ಕೆ ಕಲಿಸಿದ್ದು ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳು. ಅಲ್ಲಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ನಾರ್ಮನ್ ಏಬ್ರಮ್ಸನ್ ಮತ್ತು ಅವನ ಸಂಗಡಿಗರು, ಬೇರೆಡೆಗಳಲ್ಲಿರುವ ಟರ್ಮಿನಲ್‌ಗಳನ್ನು ಓಆಹು ದ್ವೀಪದಲ್ಲಿದ್ದ ಕಂಪ್ಯೂಟರಿಗೆ ಟೆಲಿಫೋನ್ ತಂತಿಯ ಹಂಗಿಲ್ಲದೆ ರೇಡಿಯೋ ಮೂಲಕ ಜೋಡಿಸಲು ಹೊರಟು, 1971ರಲ್ಲಿ ಅಲೋಹಾನೆಟ್ ಎಂಬ ಜಾಲವನ್ನು ನಡೆಸತೊಡಗಿದರು. ಶೇಷದ ಪರೀಕ್ಷೆಯ ಪೀಟರ್ಸನ್ನನೂ ಆಗ ಅದೇ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದನು. ಜಾಲದ ನಡುವೆ ನಿಂತು ಎಲ್ಲರ ಮಾತನ್ನು ಸ್ವೀಕರಿಸುವ ಯಂತ್ರಕ್ಕೆ, ಹವಾಯಿಯ ಐತಿಹ್ಯಗಳಲ್ಲಿ ರಾತ್ರಿಯ ಹೊತ್ತು ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡಿ ಮುಗಿಸುವ ಕುಬ್ಜರ ಹೆಸರನ್ನೇ ಇಟ್ಟು 'ಮೆನೆಹುನೆ' ಎಂದು ಕರೆದರು. ಟರ್ಮಿನಲ್‌ಗಳು ಮೆನೆಹುನೆಗೆ ಕೂಗಿ ಹೇಳುವ ಆವರ್ತ ಒಂದು, ಮೆನೆಹುನೆಯು ಉತ್ತರಿಸುವ ಆವರ್ತ ಇನ್ನೊಂದು.

ಏಬ್ರಮ್ಸನ್ನನ ಉಪಾಯದಲ್ಲಿನ ಧೈರ್ಯವನ್ನು ಮೆಚ್ಚಬೇಕು. ಸರದಿಯೆಂಬುದಿಲ್ಲ, ಅಪ್ಪಣೆಯೆಂಬುದಿಲ್ಲ; ಕಳುಹಿಸಬೇಕಾದುದು ಇದ್ದಾಗ ಯಾವ ಟರ್ಮಿನಲ್ಲಾದರೂ ಕಳುಹಿಸಿಬಿಡಬಹುದು. 80 ಅಕ್ಷರಗಳ ಒಂದು ಕಟ್ಟು, ತಲೆಬಾಲಗಳೂ ಸೇರಿ 704 ಬಿಟ್, ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಹೊರಟುಹೋಗುತ್ತಿತ್ತು. ಇಬ್ಬರ ಕಟ್ಟುಗಳು ಗಾಳಿಯಲ್ಲಿ ಒಂದರ ಮೇಲೊಂದು ಬಿದ್ದರೆ ಎರಡೂ ಹಾಳು. ಮೆನೆಹುನೆಯು ಯಾವುದಕ್ಕೂ ಓಗೊಡುವುದಿಲ್ಲ. ನಿಯಮಿತ ಕಾಲ ಕಾದು ನೋಡಿದ ಇಬ್ಬರೂ ಮರಳಿ ಕಳುಹಿಸಬೇಕು. ಇಲ್ಲಿಯೇ ತೊಡಕು. ಇಬ್ಬರೂ ಒಂದೇ ಅವಧಿ ಕಾದರೆ ಮತ್ತೆ ಒಟ್ಟಿಗೆ ಹೊರಟು ಮತ್ತೆ ಡಿಕ್ಕಿಯಾಗುವರು. ಇಕ್ಕಟ್ಟಾದ ಓಣಿಯಲ್ಲಿ ಎದುರಾದ ಇಬ್ಬರು ಸಭ್ಯರು ಒಂದೇ ಮಗ್ಗುಲಿಗೆ ಸರಿದು, ಮತ್ತೆ ಒಂದೇ ಮಗ್ಗುಲಿಗೆ ಸರಿದು, ನಕ್ಕು ನಿಲ್ಲುವಂತೆ. ಆದುದರಿಂದ ಪ್ರತಿಯೊಬ್ಬನೂ ದಾಳ ಹಾಕಿದಂತೆ ಮನಬಂದಷ್ಟು ಕಾಲ ಕಾಯಬೇಕೆಂದು ವಿಧಿಸಲಾಯಿತು. ಯಂತ್ರದಲ್ಲಿ ಅನಿಶ್ಚಿತತೆಯು ದೋಷವೆಂದೇ ಬಗೆಯುವ ನಮಗೆ, ಅದನ್ನು ಬೇಕೆಂದೇ ಒಳಗೆ ಬಿಟ್ಟುಕೊಂಡು ವ್ಯಾಜ್ಯ ಬಿಡಿಸುವ ಈ ಬುದ್ಧಿಯು ವಿಸ್ಮಯವನ್ನುಂಟುಮಾಡುತ್ತದೆ. ಇದಕ್ಕೆ ತೆತ್ತ ಬೆಲೆಯೂ ಉಂಟು: ಗಣಿತದ ಪ್ರಕಾರ ಹೀಗೆ ಹಂಚಿಕೊಂಡ ಆವರ್ತದಲ್ಲಿ ಹೆಚ್ಚೆಂದರೆ ಶೇಕಡಾ 18ರಷ್ಟು ಕಾಲ ಮಾತ್ರವೇ ಸಫಲ. 1972ರಲ್ಲಿ ಲ್ಯಾರಿ ರಾಬರ್ಟ್ಸ್ ಎಂಬುವನು, ಕಾಲವನ್ನು ಸಮನಾದ ತುಂಡುಗಳಾಗಿ ಕತ್ತರಿಸಿ ತುಂಡಿನ ಮೊದಲಿನಲ್ಲಿಯೇ ಬಾಯಿ ತೆರೆಯಬೇಕೆಂದು ಕಟ್ಟುಮಾಡಿದರೆ ಅದು ಇಮ್ಮಡಿಯಾಗುವುದೆಂದು ತೋರಿಸಿದನು.

ಹವಾಯಿಯ ಈ ವಿದ್ಯೆಯು ರಾಬರ್ಟ್ ಮೆಟ್‌ಕಾಫ್‌ನ ಕೈಯಲ್ಲಿ 1973ರಲ್ಲಿ ತಂತಿಯೊಳಗೆ ಹೊಕ್ಕು ಈಥರ್‌ನೆಟ್ ಆಯಿತು. ತಂತಿಯಲ್ಲಿ ಮಾತಾಡುವವನು ಮಾತಾಡುತ್ತಲೇ ಕೇಳಬಲ್ಲನಾದುದರಿಂದ ಡಿಕ್ಕಿಯಾದ ಕ್ಷಣದಲ್ಲಿಯೇ ಅರಿತು ನಿಲ್ಲಿಸುವನು. ಓಗೊಡುವ ಅಗತ್ಯವೇ ಬೀಳದು. ಮರಳಿ ಬಯಲಿಗೆ ಬಂದಾಗ ಆ ಅನುಕೂಲವು ತಪ್ಪಿತು. ವೈಫೈ ಪೆಟ್ಟಿಗೆಯ ಸ್ವಂತ ಧ್ವನಿಯು ತನ್ನ ಅಂಟೆನಾದಲ್ಲಿ, ಇನ್ನೊಂದು ಕೋಣೆಯಿಂದ ಬರುವ ಧ್ವನಿಗಿಂತ ನೂರು ಕೋಟಿ ಪಾಲು ಬಲವಾಗಿರಬಹುದು. ನಗಾರಿ ಬಾರಿಸುತ್ತಿರುವವನಿಗೆ ಜೀರುಂಡೆಯ ದನಿ ಕೇಳಿಸೀತೆ? ಹೀಗಾಗಿ ಡಚ್ಚರ ವಿಕ್ ಹೇಯ್ಸ್‌ನ ಅಧ್ಯಕ್ಷತೆಯಲ್ಲಿ ಸಿದ್ಧವಾಗಿ 1997ರಲ್ಲಿ ಹೊರಬಿದ್ದ ವೈಫೈ ಮಾನಕವು ಓಗೊಡುವ ಕಟ್ಟಳೆಯನ್ನೇ ಬುನಾದಿಯಾಗಿ ಇರಿಸಿಕೊಂಡಿತು. ಫ್ರೇಮು ಸರಿಯಾಗಿ ಬಂದಿತೆಂದು ಶೇಷವು ಸಾರಿದೊಡನೆ, ಪಡೆದವನು ಸೆಕೆಂಡಿನ ಲಕ್ಷದಲ್ಲೊಂದು ಪಾಲು, ಎಂದರೆ 10 ಮೈಕ್ರೋಸೆಕೆಂಡು ಮಾತ್ರ ತಡೆದು, 14 ಬೈಟಿನ ಪುಟ್ಟ ಸ್ವೀಕೃತಿಯನ್ನು ಕಳುಹಿಸುತ್ತಾನೆ. ಉಳಿದವರೆಲ್ಲರೂ ಅದಕ್ಕಿಂತ ಹೆಚ್ಚು ಹೊತ್ತು ಸುಮ್ಮನಿರಬೇಕೆಂಬುದು ನಿಯಮವಾದುದರಿಂದ, ಎಂಥ ಜನಜಂಗುಳಿಯಲ್ಲಿಯೂ 'ಓ' ಎನ್ನುವವನಿಗೆ ಮೊದಲ ಮರ್ಯಾದೆ.

ಸ್ವೀಕೃತಿಯು ಬಾರದಿದ್ದರೆ ಕಳುಹಿಸಿದವನು ದಾಳ ಹಾಕುತ್ತಾನೆ. ಮೊದಲ ಸಲ ಸೊನ್ನೆಯಿಂದ 15ರೊಳಗಿನ ಒಂದಂಕೆ. ಮತ್ತೆ ಸೋತರೆ 31ರೊಳಗೆ, ಆಮೇಲೆ 63ರೊಳಗೆ. ಹೀಗೆ ಇಮ್ಮಡಿಸುತ್ತ 1023ರ ವರೆಗೆ. ಬಿದ್ದ ಅಂಕೆಯಷ್ಟು ಕಿರುಗಾಲಗಳನ್ನು ಎಣಿಸಿ ಮರಳಿ ಪ್ರಯತ್ನಿಸುವುದು. ಸೋಲು ಹೆಚ್ಚಿದಷ್ಟೂ ತಾಳ್ಮೆಯನ್ನು ಹೆಚ್ಚಿಸಿಕೊಳ್ಳುವ ಈ ಯಂತ್ರವು, ಸಾಮಾನ್ಯವಾಗಿ ಏಳು ಪ್ರಯತ್ನಗಳ ಆಸುಪಾಸಿನಲ್ಲಿ ಕೈಚೆಲ್ಲಿ ಸಂಗತಿಯನ್ನು ಮೇಲಿನ ಹಂತದ ತಂತ್ರಾಂಶಕ್ಕೆ ಬಿಡುತ್ತದೆ.

ಆದರೆ ಮೌನದ ಅರ್ಥವೇನು? ಈ ವಿದ್ಯೆಯ ಅತ್ಯಂತ ಸೂಕ್ಷ್ಮವಾದ ಭಾಗವು ಇಲ್ಲಿಯೇ ಇರುವುದೆಂದು ನನ್ನ ಭಾವನೆ. ಇನ್ನೊಬ್ಬನ ಮಾತಿಗೆ ಡಿಕ್ಕಿಯಾಗಿ ಫ್ರೇಮು ಕೆಟ್ಟಿದ್ದರೆ ಹೆಚ್ಚು ಹೊತ್ತು ಕಾಯುವುದೇ ಮದ್ದು. ದೂರದಿಂದಾಗಿ ಧ್ವನಿ ಕ್ಷೀಣಿಸಿ ಕೆಟ್ಟಿದ್ದರೆ ಕಾದು ಫಲವಿಲ್ಲ. ಕಿವಿ ಮಂದವಾದ ಅಜ್ಜನಿಗೆ ಹೇಳುವಂತೆ ವೇಗವನ್ನು ತಗ್ಗಿಸಿ, ಬಿಡಿಸಿ ಬಿಡಿಸಿ ಹೇಳಬೇಕು. ಎರಡು ರೋಗಗಳಿಗೂ ಲಕ್ಷಣವೊಂದೇ, ಔಷಧ ಬೇರೆ. ಯಂತ್ರವು ಎರಡನ್ನೂ ಮಾಡುತ್ತದೆ. ಕಾಯುತ್ತದೆ, ಸೋಲುಗಳು ಸಾಲಾಗಿ ಬಂದರೆ ವೇಗವನ್ನೂ ಇಳಿಸುತ್ತದೆ. ಒಮ್ಮೊಮ್ಮೆ, ಗದ್ದಲದ ಸಂತೆಯಲ್ಲಿ ಮಾತನ್ನು ನಿಧಾನಿಸಿ ಗದ್ದಲವನ್ನೇ ಇನ್ನಷ್ಟು ಲಂಬಿಸುತ್ತದೆ.

ಇದಕ್ಕಿಂತಲೂ ವಿಚಿತ್ರವಾದ ಮೂರನೆಯದೊಂದುಂಟು: ಫ್ರೇಮು ಸುಖವಾಗಿ ಮುಟ್ಟಿ, ಸ್ವೀಕೃತಿಯು ಹಿಂದಿರುಗುವಾಗ ದಾರಿಯಲ್ಲಿ ಕಳೆದುಹೋಗಿರಬಹುದು. ಮಗುವು 'ಓ' ಎಂದಿದೆ, ತಾಯಿಗೆ ಕೇಳಿಸಿಲ್ಲ. ಅವಳು ಮತ್ತೆ ಕೂಗುತ್ತಾಳೆ. ಮರಳಿ ಬಂದ ಫ್ರೇಮನ್ನು ಹೊಸದೆಂದು ತಿಳಿದರೆ ಒಂದೇ ಸಾಲು ಎರಡು ಸಲ ಬರೆದಂತಾಗುತ್ತದೆ. ಆದುದರಿಂದ ಮರಳಿ ಕಳುಹಿಸಿದ ಫ್ರೇಮಿನ ತಲೆಯಲ್ಲಿ 'ಇದು ಪುನರುಕ್ತಿ' ಎಂಬ ಒಂದು ಬಿಟ್ಟಿನ ಗುರುತನ್ನಿಟ್ಟು, 0ಯಿಂದ 4095ರ ವರೆಗೆ ಸುತ್ತುವ ಕ್ರಮಸಂಖ್ಯೆಯಲ್ಲಿ ಹಳೆಯದನ್ನೇ ಉಳಿಸುತ್ತಾರೆ. ಪಡೆದವನು ಸಂಖ್ಯೆಯನ್ನು ನೋಡಿ ಎರಡನೆಯ ಪ್ರತಿಯನ್ನು ಎಸೆಯುತ್ತಾನೆ. ಆದರೂ ಓಗೊಡುವುದನ್ನು ಮಾತ್ರ ಬಿಡುವುದಿಲ್ಲ. 'ಆಗಲೇ ಹೇಳಿದೆನಲ್ಲ' ಎಂದು ಮುನಿದು ಸುಮ್ಮನಾದರೆ ಕೂಗು ನಿಲ್ಲದು.

ಎಲ್ಲರನ್ನೂ ಉದ್ದೇಶಿಸಿದ ಸಾರ್ವತ್ರಿಕ ಫ್ರೇಮಿಗೆ ಮಾತ್ರ ಯಾರೂ ಓಗೊಡರು. ಎಲ್ಲರೂ ಒಟ್ಟಿಗೆ 'ಓ' ಎಂದರೆ ಅದೇ ಒಂದು ಡಿಕ್ಕಿ. ಇನ್ನು 2009ರ ಮಾನಕದಿಂದೀಚೆಗೆ ವೇಗವು ಬೆಳೆದಂತೆ, ಒಂದೊಂದಕ್ಕೂ ಓಗೊಡುವುದೇ ಹೊರೆಯಾಗಿ, 64 ಫ್ರೇಮುಗಳ ಸಾಲಿಗೆ ಒಂದೇ ಉತ್ತರವು ರೂಢಿಗೆ ಬಂದಿದೆ: ಶಾಲೆಯ ಹಾಜರಿ ಪುಸ್ತಕದಂತೆ, ಬಂದವರಿಗೆ ಒಂದು, ಬಾರದವರಿಗೆ ಸೊನ್ನೆ; ಸೊನ್ನೆ ಬಿದ್ದವು ಮಾತ್ರ ಮರಳಿ ಹೊರಡುತ್ತವೆ.

ಇಷ್ಟಾದರೂ ಒಂದು ಪ್ರಶ್ನೆಯು ಬಗೆಹರಿಯದೆಯೇ ಉಳಿಯುತ್ತದೆ. ಸ್ವೀಕೃತಿಯು ಮುಟ್ಟಿತೆಂದು ಅದನ್ನು ಕಳುಹಿಸಿದವನಿಗೆ ತಿಳಿಯುವುದೆಂತು? ಅದಕ್ಕೊಂದು ಸ್ವೀಕೃತಿ ಬೇಕೆಂದರೆ, ಆ ಸ್ವೀಕೃತಿಗೆ ಇನ್ನೊಂದು ಬೇಕು. ಈ ಸರಪಳಿಗೆ ಕೊನೆಯಿಲ್ಲವೆಂಬುದನ್ನು ತರ್ಕವೇ ಸಾಧಿಸಿ ತೋರಿಸುತ್ತದೆ. ಕಳೆದುಹೋಗಬಹುದಾದ ಮಾತುಗಳಿಂದ ಇಬ್ಬರೂ ಏಕಕಾಲದಲ್ಲಿ ಸಂಪೂರ್ಣ ನಿಶ್ಚಿಂತರಾಗುವುದು ಎಂದಿಗೂ ಸಾಧ್ಯವಿಲ್ಲ. ವೈಫೈ ಮಾನಕವನ್ನು ಬರೆದವರು ಆ ಸರಪಳಿಯನ್ನು ಒಂದೇ ಕೊಂಡಿಗೆ ಕಡಿದರು: ಕೂಗಿಗೆ 'ಓ' ಉಂಟು, 'ಓ'ಗೆ ಮರುಮಾತಿಲ್ಲ. ಆ 14 ಬೈಟುಗಳನ್ನು ಬಯಲಿಗೆ ಬಿಟ್ಟ ಯಂತ್ರವು, ಅವು ತಲುಪಿದುವೋ ಇಲ್ಲವೋ ಅರಿಯದೆ ಮುಂದಿನ ಕೂಗಿಗೆ ಕಿವಿಯೊಡ್ಡುತ್ತದೆ. ಬಂದ ಕೂಗು ಹೊಸದಾದರೆ ಹಿಂದಿನ 'ಓ' ಕೇಳಿಸಿತೆಂದು ತಿಳಿಯುತ್ತದೆ, ಹಳೆಯದಾದರೆ ಇನ್ನೊಮ್ಮೆ 'ಓ' ಎನ್ನುತ್ತದೆ.